ತಿಂದವರ ಮುಖ

ಅಂಕಲಿ
14 ಮಾರ್ಚ್ 1988

ವಿಠೋಬಾ,

ಕ್ಷೇಮ ಕೇಳಿ ಕಾಗದ ಶುರು ಮಾಡುವುದು ಪದ್ಧತಿ. ನಾನು ಕೇಳುವುದಿಲ್ಲ. ನೀನು ಜೈಲಿನಲ್ಲಿ ಕ್ಷೇಮವಾಗಿ ಇರಬಾರದು ಎಂಬುದೇ ನನ್ನ ಆಸೆ.

ನನ್ನ ಬಲಗಣ್ಣು ಹೋದದ್ದು ನಿನಗೆ ಕೋರ್ಟಿನಲ್ಲೇ ಗೊತ್ತಾಗಿದೆ. ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಕುದಿಯುವ ನೀರು ಮೈಮೇಲೆ ಬಿದ್ದರೆ ಹರಿದು ಹೋಗುತ್ತದೆ. ಕುದಿಯುವ ಬೆಲ್ಲದ ಪಾಕ ಹರಿಯುವುದಿಲ್ಲ, ಹಿಡಿದುಕೊಂಡು ಕೂಡುತ್ತದೆ. ನಾನು ಕೈಯಿಂದ ಒರೆಸಿಕೊಂಡೆ. ಪಾಕದ ಜೊತೆ ಕೆನ್ನೆಯ ಚರ್ಮವೂ ಕೈಗೆ ಬಂತು. ಬಲಗಿವಿ ಈಗ ಒಣ ಅಂಜೂರದಷ್ಟಿದೆ. ಎರಡು ತಿಂಗಳು ಮಿರಜಿನಲ್ಲಿ ಮಲಗಿದ್ದೆ. ಪಟ್ಟಿ ಬಿಚ್ಚುವಾಗ ದಿನಾಲೂ ನಿನ್ನ ಹೆಸರು ಹಿಡಿದು ಕೂಗುತ್ತಿದ್ದೆ. "ವಿಠೋಬಾ ನಿಮ್ಮ ಮನಿ ದೇವರೇನ್ರಿ?" ಎಂದು ನರ್ಸು ಕೇಳಿದಳು.

ನನಗೆ ಒಂದೇ ಪ್ರಶ್ನೆಗೆ ಉತ್ತರ ಬೇಕು. ಅಪ್ಪ ಸತ್ತ ಮೇಲೆ ಗಾಣ ನನ್ನ ಕೈಗೆ ಬಂತು. ಅಪ್ಪನ ಕಾಲದಲ್ಲಿ ಅದು ಗಾಣವಲ್ಲ, ಧರ್ಮಛತ್ರ. ದಾರಿಯಲ್ಲಿ ಹೋಗುವ ಗಾಡಿಯವರು, ಕುರಿಯವರು, ಹುಲ್ಲು ಹೊತ್ತವರು, ಎಲ್ಲರೂ ಒಳಗೆ ಬಂದು ಬಟ್ಟಲು ತುಂಬ ಕಬ್ಬಿನ ಹಾಲು ಕುಡಿದು, ಅಂಗೈ ತುಂಬ ಬಿಸಿ ಬೆಲ್ಲ ತಿಂದು ಹೋಗುತ್ತಿದ್ದರು. ನಾನು ಗೇಟು ಹಾಕಿಸಿ ಅದನ್ನು ನಿಲ್ಲಿಸಿದೆ. ಉಳಿದದ್ದನ್ನು ನಾನೊಬ್ಬನೇ ನುಂಗಿದೆನೇ? ನಿನ್ನ ಪಗಾರ ಎರಡು ಪಟ್ಟು ಮಾಡಿದೆ. ಒಲೆಗೆ ಕಬ್ಬಿನ ರವದಿ ಹಾಕುವ ಭರಮುಗೂ ಹೆಚ್ಚಿಸಿದೆ. ಈ ಸುತ್ತಿನ ಯಾವ ಗಾಣದಲ್ಲೂ ಬೆಲ್ಲ ಕುದಿಸುವವನಿಗೆ ಅಷ್ಟು ಕೊಡುತ್ತಿರಲಿಲ್ಲ. ಆ ಉಪಕಾರಕ್ಕೆ ನೀನು ಮಾಡಿದ್ದೇನು? ಮೂರೇ ವಾರದಲ್ಲಿ ಬೆಲ್ಲ ಕೆಡಿಸಿದೆ. ಬಣ್ಣ ಕಪ್ಪು, ಬಾಯಲ್ಲಿ ಇಟ್ಟರೆ ಚುರುಚುರು. ಇಪ್ಪತ್ತೆರಡು ವರ್ಷ ಬಂಗಾರದಂಥ ಬೆಲ್ಲ ತೆಗೆದ ಕೈ ಒಮ್ಮೆಲೇ ಎಲ್ಲ ಮರೆತುಬಿಟ್ಟಿತೇ? ಬೇಕೆಂದೇ ಕೆಡಿಸಿದೆ.

ಆಮೇಲೆ ಕುರಿ ಕಾಯುವ ಮುದುಕನೊಬ್ಬ ಬೇಲಿ ಹಾರಿ ಕದಿಯಲು ಬಂದ. ಹೊಡೆದೆ. ಕಳ್ಳನಿಗೆ ಹೊಡೆದರೆ ನಿನಗೇಕೆ ಉರಿಯಬೇಕು? ಕೊಪ್ಪರಿಗೆಯಿಂದ ಸೌಟು ತುಂಬಿ ನನ್ನ ಮುಖಕ್ಕೆ ಎರಚಿದೆ. ಕೋರ್ಟಿನಲ್ಲಿ ಜಡ್ಜು ಮೂರು ಸಲ ಕೇಳಿದರೂ ಬಾಯಿ ಬಿಡಲಿಲ್ಲ. ಏಳು ವರ್ಷದ ಶಿಕ್ಷೆಯನ್ನು ತೆಪ್ಪಗೆ ಹೊತ್ತುಕೊಂಡು ಹೋದೆ.

ಏಕೆ? ಇನ್ನೇನು ಕೊಡಬೇಕಿತ್ತು ನಿನಗೆ? ಬರೆ.

ಮುರಗೆಪ್ಪ ವಿರುಪಾಕ್ಷಪ್ಪ

*

ಜೈಲಿನಿಂದ
3 ಏಪ್ರಿಲ್ 1988

ಸಾವಕಾರ್ರಿಗೆ ವಿಠೋಬಾನ ನಮಸ್ಕಾರ.

ಕಾಗದ ಮುಟ್ಟಿತು. ಇಲ್ಲಿ ಬರುವ ಹೋಗುವ ಕಾಗದವನ್ನೆಲ್ಲ ಜೈಲರ್ ಸಾಹೇಬರು ಮೊದಲು ಓದುತ್ತಾರೆ. ನಿಮ್ಮದನ್ನು ಓದಿ ನಕ್ಕು, "ನಿನ್ನ ಮ್ಯಾಲ ಬಾಳ ಪ್ರೀತಿ ಐತಿ ನೋಡೋ ಇವರಿಗೆ" ಎಂದು ಕೈಗೆ ಕೊಟ್ಟರು. ನಾನು ಏಳನೇ ಇಯತ್ತೆ ಓದಿದವನು. ನಿಮ್ಮ ಹಾಗೆ ಚಂದಾಗಿ ಬೈದು ಬರೆಯಲು ಬರುವುದಿಲ್ಲ.

ಉತ್ತರ ಕೊಡುತ್ತೇನೆ. ಮೊದಲು ನನ್ನದೊಂದು ಪ್ರಶ್ನೆ ಇದೆ. ಕಾಡಸಿದ್ದ ಹೇಗಿದ್ದಾನೆ? ನೀವು ಕುರಿ ಕಾಯುವ ಮುದುಕ ಎಂದು ಬರೆದಿದ್ದೀರಿ, ಅವನಿಗೆ ಹೆಸರಿದೆ. ಬೆಲ್ಲ ತಿರುವುವ ಹುಟ್ಟಿನಿಂದ ನೀವು ಅವನ ತಲೆಗೆ ಹೊಡೆದದ್ದನ್ನು ನಾನು ಕಣ್ಣಾರೆ ಕಂಡೆ. ಒಂದಲ್ಲ, ಮೂರು ಏಟು. ಮೊದಲನೆಯದಕ್ಕೆ ಕುಸಿದು ಕೂತ. ಎರಡನೆಯದಕ್ಕೆ ರುಮಾಲು ಬಿಚ್ಚಿ ಬಿತ್ತು. ಮೂರನೆಯದು ಬರಿ ತಲೆಗೆ ಬಿತ್ತು. ಗಾಣದ ಎಂಜಿನ್ನಿನ ಗದ್ದಲದಲ್ಲಿ ನಿಮ್ಮಿಬ್ಬರ ಮಾತು ಒಂದೂ ನನಗೆ ಕೇಳಿಸಲಿಲ್ಲ, ಆ ಏಟಿನ ಸದ್ದು ಮಾತ್ರ ಕೇಳಿಸಿತು. ಪೊಲೀಸರು ನನ್ನನ್ನು ಒಯ್ಯುವಾಗ ಅವನು ಎದ್ದು ಕುರಿಗಳ ಹಿಂದೆ ನಡೆಯುತ್ತಿದ್ದ. ಗೋಡೆ ಹಿಡಿದು ನಡೆಯುವವನ ಹಾಗೆ ಗಾಳಿಯಲ್ಲಿ ಕೈ ಚಾಚಿಕೊಂಡಿದ್ದ. ಕುತ್ತಿಗೆಯಿಂದ ಸೊಂಟದವರೆಗೆ ರಕ್ತ ಇಳಿದಿತ್ತು.

ಕೋರ್ಟಿನಲ್ಲಿ ಏಕೆ ಸುಮ್ಮನಿದ್ದೆ ಎಂದು ನನ್ನನ್ನು ಕೇಳುತ್ತೀರಾ? ಸಾಕ್ಷಿ ಹೇಳುತ್ತೇನೆ ಎಂದ ಭರಮುವಿನ ಮುಂಗೈ ಎರಡನ್ನೂ ನಿಮ್ಮ ಕಾವಲಿನ ಕಾಮಣ್ಣ ಗಾಡಿಯ ಗಾಲಿಗೆ ಇಟ್ಟು ಮುರಿದ. ಮುಂದಿನ ಪಾಳಿ ಸಕ್ಕುಬಾಯಿಯದು ಎಂದು ಹೇಳಿ ಕಳಿಸಿದ. ಆಕೆ ಕೂಲಿ ಮಾಡಿ ಉಣ್ಣುವ ಹೆಂಗಸು. ಕೈ ಎರಡು ಬಿಟ್ಟರೆ ನನ್ನ ಹೆಂಡತಿಗೆ ಬೇರೆ ಆಸ್ತಿ ಇಲ್ಲ. ಈಗ ಆಕೆ ರಾಯಬಾಗದ ಕಡೆ ಅಣ್ಣನ ಮನೆ ಸೇರಿದ್ದಾಳೆ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಜೈಲರ್ ಸಾಹೇಬರು ಇದನ್ನೂ ಓದಲಿ.

ಕಾಡಸಿದ್ದನ ಸುದ್ದಿ ತಿಳಿಸಿದರೆ ನಿಮ್ಮ ಪ್ರಶ್ನೆಗೆ ಉತ್ತರ ಬರೆಯುತ್ತೇನೆ.

ನಿಮ್ಮ ಗಾಣದಲ್ಲಿ ದುಡಿದ
ವಿಠೋಬಾ

*

ಅಂಕಲಿ
20 ಜೂನ್ 1988

ವಿಠೋಬಾ,

ಆ ಮುದುಕನ ಸುದ್ದಿ ನನಗೆ ಗೊತ್ತಿಲ್ಲ. ಕುರಿಯವರು ಇವತ್ತು ಈ ಹೊಲ, ನಾಳೆ ಇನ್ನೊಂದು ಹೊಲ. ಅವರ ವಿಳಾಸ ಇಟ್ಟುಕೊಂಡು ಕೂಡುವುದು ನನ್ನ ಕೆಲಸವಲ್ಲ.

ಈ ಹಂಗಾಮಿಗೆ ಇಬ್ಬರನ್ನು ತಂದೆ. ಮೊದಲನೆಯವನು ಶೇಡಬಾಳದ ಕಡೆಯವನು. ನಾನು ಎದುರಿಗೆ ನಿಂತರೆ ಅವನ ಕೈ ಆಡುತ್ತಿತ್ತು, ನಾನು ಬೆನ್ನು ತಿರುಗಿಸಿದರೆ ಬೀಡಿ ಹಚ್ಚುತ್ತಿದ್ದ. ಒಂದು ದಿನ ಕಬ್ಬಿನ ಸಾಲಿನ ಹಿಂದೆ ನಿಂತು ನೋಡಿದೆ. ಪಾಕ ಉಕ್ಕಿ ಹೋಗುತ್ತಿದೆ, ಇವನು ಕೂತು ನಗುತ್ತಿದ್ದಾನೆ. ಬಾರುಕೋಲು ತೆಗೆದುಕೊಂಡು ಬೆನ್ನಿನ ಮೇಲೆ ಎಷ್ಟು ಬಾರಿಸಿದೆನೋ ನನಗೇ ಗೊತ್ತಿಲ್ಲ. ಅಂಗಿ ಹರಿದು ಚರ್ಮಕ್ಕೆ ಅಂಟಿತು. ಮರುದಿನ ಚೆನ್ನಾಗಿ ಕೆಲಸ ಮಾಡಿದ. ಅದರ ಮರುದಿನ ಎಂಜಿನ್ನಿನ ಎಣ್ಣೆಯಲ್ಲಿ ಮರಳು ಸುರಿದು ಓಡಿ ಹೋದ.

ಎರಡನೆಯವನಿಗೆ ಹೊಡೆಯಲಿಲ್ಲ. ಅಚ್ಚಿನಿಂದ ಬಿದ್ದ ಒಂದೊಂದು ಬೆಲ್ಲದ ಪೆಂಟೆಗೆ ಇಷ್ಟು ರೊಕ್ಕ ಎಂದು ಮಾತಾಡಿದೆ. ಹೆಚ್ಚು ಪೆಂಟೆ ಬೀಳಲಿ ಎಂದು ಅವನು ಹದ ಬರುವ ಮೊದಲೇ ಇಳಿಸತೊಡಗಿದ. ಅವಸರದಲ್ಲಿ ಕೊಪ್ಪರಿಗೆ ವಾಲಿ, ಒಲೆಯವನ ತೊಡೆಯವರೆಗೆ ಪಾಕ ಬಿತ್ತು. ಅವನು ಚೀರುತ್ತ ಕಾಲುವೆಗೆ ಹಾರಿದ. ಆ ಚೀರುವಿಕೆ ನನ್ನದೇ ಅನ್ನಿಸಿತು.

ಹೆದರಿಸಿ ನೋಡಿದೆ. ರೊಕ್ಕ ಕೊಟ್ಟು ನೋಡಿದೆ. ನಿಪ್ಪಾಣಿಯ ವ್ಯಾಪಾರಿ ಧನಪಾಲ ನಮ್ಮ ಬೆಲ್ಲ ಕೊಳ್ಳುವುದನ್ನೇ ಬಿಟ್ಟಿದ್ದಾನೆ.

ಮನೆಯಲ್ಲಿ ಸಾವಿತ್ರೆವ್ವ ಊಟಕ್ಕೆ ಬಡಿಸುವಾಗ ತಾಟು ನೋಡುತ್ತಾಳೆ, ನನ್ನ ಮುಖ ನೋಡುವುದಿಲ್ಲ. ಹೋದ ವಾರ ತಾಟು ಎತ್ತಿ ಬೀಸಿದೆ. ಹೆಂಡತಿಯ ಹಣೆ ಒಡೆದು ನಾಲ್ಕು ಹೊಲಿಗೆ ಬಿದ್ದವು. ಆಗ ನೋಡಿದಳು. ನೋಡದಿದ್ದರೇ ಚೆನ್ನಾಗಿತ್ತು. ಇದನ್ನೆಲ್ಲ ನಿನಗೇಕೆ ಬರೆಯುತ್ತಿದ್ದೇನೋ ತಿಳಿಯದು. ಬೇರೆ ಯಾರಿಗೂ ಹೇಳುವ ಹಾಗಿಲ್ಲ.

ಉತ್ತರ ಕೊಡು.

ಮುರಗೆಪ್ಪ

*

ಜೈಲಿನಿಂದ
9 ಅಕ್ಟೋಬರ್ 1988

ಸಾವಕಾರ್ರಿಗೆ ನಮಸ್ಕಾರ.

ನನ್ನ ಪ್ರಶ್ನೆಗೆ ನೀವು ಕೊಟ್ಟದ್ದು ಉತ್ತರವಲ್ಲ. ಆದರೂ ನಾನು ಬರೆಯುತ್ತೇನೆ. ಸಾವಿತ್ರೆವ್ವನವರ ಹಣೆಯ ಸುದ್ದಿ ಓದಿ ನಿಮ್ಮ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

ಸಾವಕಾರ್ರೆ, ನನ್ನ ನಾಲಿಗೆ ಸತ್ತಿದೆ. ನಿಮ್ಮ ತಂದೆಯವರ ಕಾಲದಲ್ಲಿ ಒಮ್ಮೆ ಗಡಿಬಿಡಿಯಲ್ಲಿ ಸುಡುವ ಪಾಕವನ್ನು ಬಾಯಿಗೆ ಇಟ್ಟುಕೊಂಡೆ. ತಿಂಗಳಾನುಗಟ್ಟಲೆ ಗಂಜಿ ಕುಡಿದೆ. ಗಾಯ ಮಾಯಿತು, ರುಚಿ ತಿರುಗಿ ಬರಲಿಲ್ಲ. ಸಿಹಿ, ಉಪ್ಪು, ಕಹಿ ಎಲ್ಲ ನನಗೆ ಒಂದೇ. ಸಕ್ಕುಬಾಯಿಗೆ ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ. ನಾಲಿಗೆ ಇಲ್ಲದ ಬೆಲ್ಲದವನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಹದ ಕಣ್ಣಿಗೆ ಕಾಣುತ್ತದೆ. ತಣ್ಣೀರಲ್ಲಿ ಒಂದು ಹನಿ ಬಿಟ್ಟು ಬೆರಳಿಂದ ಹಿಚುಕಿದರೆ ತಿಳಿಯುತ್ತದೆ. ಆದರೆ ಕಬ್ಬಿನ ಹಾಲು ತಿಳಿಯಾಗಲೆಂದು ಸುಣ್ಣ ಹಾಕುತ್ತೇವಲ್ಲ, ಅದರ ಪ್ರಮಾಣ ಒಂದೊಂದು ಹೊಲದ ಕಬ್ಬಿಗೆ ಒಂದೊಂದು ತೆರ. ಹೆಚ್ಚಾದರೆ ನಾಲಿಗೆಗೆ ಮಾತ್ರ ಗೊತ್ತಾಗುತ್ತದೆ. ಬಣ್ಣ ಕಪ್ಪಾಗುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಹಾಗಾಗಿ ನಾನು ದಾರಿಯಲ್ಲಿ ಹೋಗುವವರನ್ನು ಕರೆದು ತಿನ್ನಿಸಿ ಅವರ ಮುಖ ನೋಡುತ್ತಿದ್ದೆ. ನಿಮ್ಮ ಧರ್ಮಛತ್ರ ನನಗೆ ಬಾಯಿಯಾಗಿತ್ತು. ಎಲ್ಲರಿಗಿಂತ ಕಾಡಸಿದ್ದನ ಮುಖ ಚೊಕ್ಕ. ಕೆಟ್ಟಿದ್ದರೆ ಎದುರಿಗೇ ಉಗುಳುತ್ತಿದ್ದ, "ಇದನ್ನ ನಾಯೀನೂ ತಿನ್ನೂದಿಲ್ಲಲೇ" ಎನ್ನುತ್ತಿದ್ದ. ಚಲೋ ಇದ್ದರೆ ಮಾತಿಲ್ಲ, ಸುಮ್ಮನೆ ಎರಡನೇ ಸಲ ಕೈ ಚಾಚುತ್ತಿದ್ದ. ನನ್ನ ಬೆಲ್ಲ ನಾನು ತಿನ್ನಲಾರೆ. ಅವನು ಎರಡನೇ ಸಲ ಕೈ ಚಾಚಿದಾಗ ನಾನೇ ತಿಂದಷ್ಟು ಸುಖವಾಗುತ್ತಿತ್ತು. ಬೆಂಕಿಯ ಮುಂದೆ ಇಪ್ಪತ್ತೆರಡು ಹಂಗಾಮು ನಿಂತದ್ದು ಅದಕ್ಕೆ.

ಪಗಾರ ಬೇಡವೆಂದಲ್ಲ, ನಾನೇನು ಸನ್ಯಾಸಿಯಲ್ಲ. ನೀವು ಹೆಚ್ಚಿಸಿದಾಗ ಸಕ್ಕುಬಾಯಿಗೆ ಇಳಕಲ್ ಸೀರೆ ತಂದೆ. ಗೇಟು ಬಿದ್ದ ಮೇಲೆ ಭರಮುಗೆ ತಿನ್ನಿಸಿ ಕೇಳುತ್ತಿದ್ದೆ. ನೀವು ಅವನ ಕಪಾಳಕ್ಕೆ ಎರಡು ಸಲ ಬಾರಿಸಿದ್ದಿರಿ. ಹೇಗಿದ್ದರೂ "ಚಲೋ ಐತ್ರಿ, ಚಲೋ ಐತ್ರಿ" ಎನ್ನುತ್ತಿದ್ದ. ಹೆದರಿದವನ ನಾಲಿಗೆಯೂ ನನ್ನ ನಾಲಿಗೆಯಂಥದೇ. ನಿಮಗೆ ನಿಜ ಹೇಳಲು ನನಗೂ ಹೆದರಿಕೆ. ಹೀಗೆ ಬೆಲ್ಲ ಕೆಟ್ಟಿತು. ಬೇಕೆಂದು ಕೆಡಿಸಲಿಲ್ಲ.

ಎರಚಿದ್ದು ಮಾತ್ರ ಬೇಕೆಂದೇ. ಸೌಟು ಕೈಯಲ್ಲೇ ಇತ್ತು. ಕಾಲಿಗೆ ಎರಚಬಹುದಿತ್ತು, ಎದೆಗೆ ಎರಚಬಹುದಿತ್ತು. ಮುಖ ನೋಡಿಯೇ ಎರಚಿದೆ. ಆ ಕ್ಷಣ ನಿಮ್ಮನ್ನು ಕೊಲ್ಲಬೇಕು ಅನ್ನಿಸಿತ್ತು.

ಇಲ್ಲಿ ನನ್ನನ್ನು ಅಡುಗೆಗೆ ಹಾಕಿದ್ದಾರೆ. ಮೊದಲ ದಿನ ಸಾರಿಗೆ ಉಪ್ಪು ಹೆಚ್ಚಾಗಿ ಕೈದಿಗಳು ನನ್ನನ್ನು ಕೆಡವಿ ತುಳಿದರು. ಎರಡು ಹಲ್ಲು ಹೋದವು. ಬೇಜಾರಾಗಲಿಲ್ಲ. ಬಹಳ ದಿನಗಳ ಮೇಲೆ ಯಾರೋ ನನಗೆ ನಿಜ ಹೇಳಿದ್ದರು.

ಕಾಡಸಿದ್ದ ಹೇಗಿದ್ದಾನೆ?

ವಿಠೋಬಾ

*

ಅಂಕಲಿ
2 ಫೆಬ್ರವರಿ 1989

ವಿಠೋಬಾ,

ಈ ಕಾಗದವನ್ನು ಅಂಚೆಗೆ ಹಾಕಿಲ್ಲ. ರಾಯಬಾಗಕ್ಕೆ ಹೋಗಿ ಸಕ್ಕುಬಾಯಿಯನ್ನು ಬೇಡಿಕೊಂಡು, ಆಕೆ ನಿನಗೆ ತರುವ ಬುತ್ತಿಗಂಟಿನಲ್ಲಿ, ರೊಟ್ಟಿಯ ಕೆಳಗೆ ಇಟ್ಟು ಕಳಿಸಿದ್ದೇನೆ. ಓದಿ ಹರಿದು ಹಾಕು.

ನಿನ್ನ ಕಾಗದ ಓದಿ ನಾಲ್ಕು ತಿಂಗಳಾಯಿತು. ಗೇಟು ಕಿತ್ತು ಹಾಕಿಸಿದೆ. ಯಾರೂ ಬರುವುದಿಲ್ಲ. ನಾನೇ ಬಟ್ಟಲು ಹಿಡಿದು ರಸ್ತೆಯಲ್ಲಿ ನಿಂತೆ. ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ನನ್ನನ್ನು ಕಂಡು ಹೊರೆ ಸಮೇತ ಕಬ್ಬಿನೊಳಗೆ ನುಗ್ಗಿ ಓಡಿದಳು. ನನ್ನ ಮುಖಕ್ಕೆ ಹೆದರಿದಳೋ, ನನಗೆ ಹೆದರಿದಳೋ, ಕೇಳಲಿಲ್ಲ.

ಕಾಡಸಿದ್ದ ಸತ್ತಿದ್ದಾನೆ. ನಾನು ಹೊಡೆದ ಎಂಟನೇ ದಿನ, ಕುಡಚಿಯ ಹತ್ತಿರ ಹೊಳೆಯ ದಂಡೆಯಲ್ಲಿ. ಆಸ್ಪತ್ರೆಗೆ ಬಂದು ಕಾಮಣ್ಣ ಹೇಳಿದ. ನನಗೆ ಮೊದಲಿನಿಂದಲೂ ಗೊತ್ತು.

ಅವನು ಬೇಲಿ ಹಾರಲಿಲ್ಲ. ಕಾಮಣ್ಣ ಚಹಾ ಕುಡಿಯಲು ಹೋಗಿದ್ದ, ಗೇಟು ತೆರೆದಿತ್ತು. ಧನಪಾಲ ನಿಪ್ಪಾಣಿಯಿಂದ ಬಂದು ನನ್ನೆದುರು ಬೆಲ್ಲದ ಚೂರು ಮೂಸುತ್ತ ಕೂತಿದ್ದ. ಇದು ಕಬ್ಬಿನ ಬಣ್ಣ, ಬೆಲ್ಲಕ್ಕೆ ಏನೂ ಆಗಿಲ್ಲ ಎಂದು ನಾನು ಅವನಿಗೆ ಆಣೆ ಮಾಡಿ ಹೇಳುತ್ತಿದ್ದೆ. ಅಷ್ಟರಲ್ಲಿ ಈ ಮುದುಕ ಬಂದು ನಿಂತ. "ಸಾವಕಾರ್ರ, ಕುಡಚಿ ಸಂತ್ಯಾಗ ನಿಮ್ಮ ಬೆಲ್ಲ ತಿಂದೆರಿ. ಸುಣ್ಣ ಹೆಚ್ಚ ಬೀಳಾಕತ್ತೈತಿ. ವಿಠೋಬಾಗ ಒಂದೀಟ ಹೇಳ್ರಿ" ಎಂದ. ಧನಪಾಲ ಹೊಟ್ಟೆ ಹಿಡಿದು ನಕ್ಕ. "ಕುರಿ ಕಾಯಾಂವಗೂ ಗೊತ್ತಾತಲ್ರಿ" ಎಂದ. ಆ ನಗು ನನ್ನ ನೆತ್ತಿಗೆ ಏರಿತು. ಹುಟ್ಟು ಕೈಗೆ ಸಿಕ್ಕಿತು. ಮೊದಲ ಏಟು ಸಿಟ್ಟಿನಿಂದ ಹೊಡೆದೆ. ಉಳಿದ ಎರಡು ಧನಪಾಲ ನೋಡಲಿ ಎಂದು ಹೊಡೆದೆ.

ಸತ್ತ ಸುದ್ದಿ ಕೇಳಿ ಕಾಮಣ್ಣನನ್ನು ಊರೂರಿಗೆ ಕಳಿಸಿ, ಕಾಡಸಿದ್ದ ಗಾಣದಲ್ಲಿ ಕದಿಯುವಾಗ ಸಿಕ್ಕಿಬಿದ್ದ ಎಂದು ಹೇಳಿಸಿದೆ. ಧನಪಾಲ ಬಾಯಿ ಮುಚ್ಚಿಕೊಂಡ. ಎಲ್ಲರೂ ನಂಬಿದರು. ಒಂದೊಂದು ದಿನ ನಾನೂ ನಂಬಿದ್ದೆ.

ಇಬ್ಬರಿಗೆ ಪಗಾರ ಕೊಟ್ಟು, ಒಬ್ಬನನ್ನು ಕಾವಲಿಗೆ ಇಟ್ಟು, ಕೆಟ್ಟದ್ದೇನೆಂದು ತಿಳಿಯದೆ ನಾನು ಒದ್ದಾಡುತ್ತಿದ್ದೆ. ಅದನ್ನು ಹೇಳಲು ಅವನು ಕುಡಚಿಯಿಂದ ನಡೆದು ಬಂದಿದ್ದ. ಅವನಿಗೆ ಯಾರು ಏನು ಕೊಟ್ಟಿದ್ದರು?

ನಾನು ಸರಿಯಾಗಿ ಮಲಗಿ ವರ್ಷವಾಯಿತು.

ಮುರಗೆಪ್ಪ

*

ಜೈಲಿನಿಂದ
26 ಫೆಬ್ರವರಿ 1989

ಮುರಗೆಪ್ಪಾ,

ಇನ್ನು ನಿನಗೆ ಸಾವಕಾರ ಎನ್ನುವುದಿಲ್ಲ.

ಓದಿ ಮುಗಿಸಿ ಒಲೆಯ ಮುಂದೆ ಕೂತು ಹಣೆ ಚಚ್ಚಿಕೊಂಡೆ. ಇಬ್ಬರು ಹಿಡಿದು ಎಬ್ಬಿಸಿದರು. ಎರಡು ವರ್ಷ ಅವನು ಎಲ್ಲೋ ಕುರಿ ಕಾಯುತ್ತಿದ್ದಾನೆ ಎಂದುಕೊಂಡಿದ್ದೆ. ಅಪೀಲಿನಲ್ಲಿ ಬಿಡುಗಡೆಯಾದರೆ ಮೊದಲು ಅವನನ್ನು ಹುಡುಕಬೇಕು ಎಂದುಕೊಂಡಿದ್ದೆ. ಆ ದಿನ ಒಂದೇ ಸೌಟಿಗೆ ನಿಲ್ಲಿಸಿ ತಪ್ಪು ಮಾಡಿದೆ. ಕೊಪ್ಪರಿಗೆ ಪಕ್ಕದಲ್ಲೇ ಕುದಿಯುತ್ತಿತ್ತು, ನಿನ್ನ ಕುತ್ತಿಗೆ ಹಿಡಿದು ಅದರಲ್ಲಿ ಅದ್ದಬೇಕಿತ್ತು.

ನೀನು ತಪ್ಪು ಒಪ್ಪಿಕೊಂಡೆ ಎಂದು ತಿಳಿದಿದ್ದೀಯಾ? ರೊಟ್ಟಿಯ ಕೆಳಗೆ ಅಡಗಿಸಿ ಹೇಳಿದ್ದೀ. ತಂದವಳಿಗೆ ಓದಲು ಬರುವುದಿಲ್ಲ, ಓದುವ ಜೈಲರನ ಕಣ್ಣಿಗೆ ಬೀಳುವುದಿಲ್ಲ. ಕಂಬಿಯ ಹಿಂದೆ ಇರುವವನ ಕಿವಿಯಲ್ಲಿ ಉಸುರಿ ಹಗುರಾಗಲು ನೋಡಿದ್ದೀ. ನಾನು ನಿನ್ನ ಕಸದ ಗುಂಡಿಯಲ್ಲ.

ನಿನ್ನ ಆ ಕಾಗದವನ್ನು ವಕೀಲರಿಗೆ ಕೊಟ್ಟರೆ ನನ್ನ ಅಪೀಲು ಗೆಲ್ಲಬಹುದು. ಕೊಡುವುದಿಲ್ಲ. ನಿನ್ನ ಬಾಯಿಂದ ಬರಬೇಕು. ಕಾಡಸಿದ್ದನ ಹೆಂಡತಿ ಲಗಮವ್ವ ಬದುಕಿದ್ದಾಳೆ, ಮೊನ್ನೆ ರಾಯಬಾಗದ ಸಂತೆಯಲ್ಲಿ ಸಕ್ಕುಬಾಯಿ ಆಕೆಯನ್ನು ದೂರದಿಂದ ಕಂಡಳಂತೆ. ಹೋಗು. ಮೊದಲು ಆಕೆಗೆ ಹೇಳು, ಆಮೇಲೆ ಠಾಣೆಯ ಫೌಜದಾರನಿಗೆ ಹೇಳು.

ಹೋಗದಿದ್ದರೆ ನಾನು ಹೊರಗೆ ಬಂದ ದಿನವೇ ಅಂಕಲಿಗೆ ಬರುತ್ತೇನೆ. ನಿನಗೆ ಇನ್ನೊಂದು ಕಣ್ಣಿದೆ.

ಇದನ್ನು ಅಂಚೆಯಲ್ಲೇ ಕಳಿಸುತ್ತಿದ್ದೇನೆ. ಯಾರು ಬೇಕಾದರೂ ಓದಲಿ.

ವಿಠೋಬಾ

*

ಪೊಲೀಸ್ ಠಾಣೆಯ ಲಾಕಪ್ಪಿನಿಂದ
30 ಏಪ್ರಿಲ್ 1989

ವಿಠೋಬಾ ಕಾಕಾ,

ಚಿಕ್ಕವನಿದ್ದಾಗ ನಿಮ್ಮನ್ನು ಹೀಗೇ ಕರೆಯುತ್ತಿದ್ದೆ. ಈಗ ಕರೆಯುವ ಹಕ್ಕಿಲ್ಲ, ಆದರೂ ಬೇರೆ ಯಾವ ಮಾತೂ ಕೈಗೆ ಬರುತ್ತಿಲ್ಲ.

ಒಂದೂವರೆ ತಿಂಗಳು ಹೆದರಿ ಮನೆಯಲ್ಲೇ ಕೂತೆ. ನಿಮಗೆ ಹೆದರಿದೆ, ಫಾಸಿ ಶಿಕ್ಷೆಗೆ ಹೆದರಿದೆ, ಊರಿಗೆ ಹೆದರಿದೆ. ಕಡೆಗೆ ಸಾವಿತ್ರೆವ್ವನಿಗೆ ಎಲ್ಲ ಹೇಳಿದೆ. ಆಕೆ ಅಳಲಿಲ್ಲ. ನನ್ನ ಮುಖವನ್ನು ನೆಟ್ಟಗೆ ನೋಡಿ, "ಹೋಗಿ ಬರ್ರಿ" ಎಂದಳು.

ರಾಯಬಾಗದ ಆಚೆ ಕಟಾವಾದ ಹೊಲವೊಂದರಲ್ಲಿ ಲಗಮವ್ವ ಕುರಿ ನಿಲ್ಲಿಸಿದ್ದಳು. ಅವಳ ಮೈದುನಂದಿರು ಜೊತೆಗಿದ್ದರು. ನಾನು ಯಾರೆಂದು ಹೇಳಿದೆ, ಏನು ಮಾಡಿದೆನೆಂದು ಹೇಳಿದೆ. ಆಕೆ ನಡುವೆ ಒಂದೇ ಮಾತು ಕೇಳಿದಳು. "ಅಂವಾ ನಿಮ್ಮ ಕಡೆ ಯಾಕ ಬಂದಿದ್ದ?" ಸುಣ್ಣ ಹೆಚ್ಚಾಗಿದೆ ಎಂದು ಹೇಳಲು ಬಂದಿದ್ದ ಎಂದೆ. "ಅಷ್ಟನಾ?" ಎಂದಳು. ಅಷ್ಟೇ ಎಂದೆ.

ಆಮೇಲೆ ಕುರಿಗಳ ಕಡೆ ನೋಡುತ್ತ ಹೇಳಿದಳು. "ಎಂಟ್ ದಿನಾ ಅಂವನ ಬಾಯಿ ಬಿದ್ದಿತ್ತು. ಕೈ ಮಾಡಿ ಏನೋ ಹೇಳಾಕ ನೋಡತಿದ್ದ. ಕಳವ ಮಾಡಿ ಹೊಡಸ್ಕೊಂಡ ಬಂದಾನ ಅಂತ ಮಂದಿ ಅಂದ್ರು. ನಾನೂ ನಂಬಿದೆ. ಬಾಯಾಗ ನೀರ ಹಾಕಿದೆ, ಅಂವನ ಜೋಡಿ ಮಾತಾಡಲಿಲ್ಲ. ಮಾರಿ ತಿರುವಿ ಕುಂತೆ. ಹಂಗ ಸತ್ತ."

ಹೇಳಿ ಮುಗಿಸಿ ಕುರಿ ಕಾಯುವ ಬಡಿಗೆ ಎತ್ತಿದಳು. ಮೊದಲ ಏಟು ಹೆಗಲಿಗೆ ಬಿತ್ತು, ಎಲುಬು ಮುರಿದದ್ದು ಕೇಳಿಸಿತು. ಎರಡನೆಯದು ಪಕ್ಕೆಗೆ, ಮೂರನೆಯದು ಬಾಯಿಗೆ. ನಾನು ಕೈ ಅಡ್ಡ ಹಿಡಿಯಲಿಲ್ಲ. ಹೊಡೆಯುವಾಗ ಆಕೆ ನನ್ನನ್ನು ಬೈಯಲಿಲ್ಲ, ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಮೈದುನಂದಿರು ಹಿಡಿಯದಿದ್ದರೆ ನಾನು ಅಲ್ಲೇ ಮುಗಿಯುತ್ತಿದ್ದೆ. ಬಿದ್ದಲ್ಲಿಂದ ಎಬ್ಬಿಸಿ, "ನಡಿ ಠಾಣೆಕ್ಕ" ಎಂದಳು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂದಳು.

ಫೌಜದಾರನಿಗೆ ನನ್ನ ಗುರುತಿದೆ. ಕುರ್ಚಿ ಎಳೆದು ಕೊಟ್ಟ. "ಎರಡ ವರ್ಷದ ಮಾತ ಈಗ ಯಾಕ್ರಿ ಸಾವಕಾರ್ರ? ಹೆಣಾನೂ ಇಲ್ಲ, ಫಿರ್ಯಾದೀನೂ ಇಲ್ಲ" ಎಂದ. ಹೂಳಿದ ಜಾಗ ತಾನು ತೋರಿಸುತ್ತೇನೆ ಎಂದಳು ಲಗಮವ್ವ. ಮೂರನೇ ದಿನ ಕುಡಚಿಯ ದಂಡೆಯಲ್ಲಿ ಅಗೆದರು. ಬುರುಡೆಯಲ್ಲಿ ಎರಡು ಬಿರುಕು, ಎಡಗಡೆ ಹೆಬ್ಬೆರಳು ಹೋಗುವಷ್ಟು ಕುಳಿ. ಮೂರೂ ನನ್ನವೇ ಎಂದು ಪಂಚರ ಎದುರು ಹೇಳಿದೆ. ಭರಮುವಿನ ಕೈ ಮುರಿಸಿದ್ದನ್ನೂ ಹೇಳಿದೆ. ನನ್ನ ಹೇಳಿಕೆಯ ನಕಲು ನಿಮ್ಮ ವಕೀಲರ ಕೈ ಸೇರಿದೆ. ನಿಮ್ಮ ಶಿಕ್ಷೆ ಇಳಿಯಬಹುದು ಎಂದರು. ನಿಮ್ಮ ನಾಲಿಗೆಯ ಮಾತನ್ನು ಮಾತ್ರ ಯಾರಿಗೂ ಹೇಳಿಲ್ಲ.

ಆ ಹೇಳಿಕೆ ಬರೆಸುವಾಗ ನಡೆದದ್ದನ್ನು ನಿಮಗೆ ಹೇಳಲೇಬೇಕು. ಫೌಜದಾರ ಕಾಗದ ತೆಗೆದುಕೊಂಡು, ಇಂಥ ದಿನ ಕಾಡಸಿದ್ದ ಎಂಬವನನ್ನು ಹೊಡೆದು ಕೊಂದಿದ್ದೇನೆ ಎಂದು ಜೋರಾಗಿ ಓದುತ್ತ ಬರೆಯತೊಡಗಿದ. ಲಗಮವ್ವ ನೆಲದ ಮೇಲೆ ಕೂತಿದ್ದಳು. ಎದ್ದು ಬಂದು ಅವನ ಬರೆಯುವ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಕಳ್ಳ ಅಲ್ಲ ಅಂತ ಮೊದಲ ಬರಕೋರಿ ಸಾಹೇಬ್ರ. ಕೊಂದದ್ದ ಆಮ್ಯಾಲ ಬರೀರಿ."

ಫೌಜದಾರ ನನ್ನ ಕಡೆ ನೋಡಿದ. ನಾನು ಹೂಂ ಎಂದೆ. ಅವನು ಬರೆದದ್ದನ್ನು ಹರಿದು ಹೊಸ ಹಾಳೆ ತೆಗೆದುಕೊಂಡ.

ತಪ್ಪಿತಸ್ಥ
ಮುರಗೆಪ್ಪ